ಇಜೇರಿಯ ಕಿಸೆಗೆ ಬಂದ ಗಣಕಯಂತ್ರ

ಗಡಿಯಾರವು ಗೋಪುರದಿಂದ ಇಳಿದು ಗೋಡೆಗೆ ಬಂತು. ಗೋಡೆಯಿಂದ ಕಿಸೆಗೆ, ಕಿಸೆಯಿಂದ ಮುಂಗೈಗೆ ಬಂತು. ಇಷ್ಟು ದೂರ ನಡೆಯಲು ಅದಕ್ಕೆ ಐದಾರು ಶತಮಾನಗಳು ಬೇಕಾದವು. ಗಣಕಯಂತ್ರವಾದರೋ ಅದೇ ದಾರಿಯನ್ನು ಒಬ್ಬ ಮನುಷ್ಯನ ಆಯುಷ್ಯದೊಳಗೆ ಕ್ರಮಿಸಿಬಿಟ್ಟಿದೆ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯದಲ್ಲಿ ಲೋಕಕ್ಕೆ ಮುಖದೋರಿದ ‘ಎನಿಯಾಕ್’ ಯಂತ್ರದ ತೂಕ ಸುಮಾರು 30 ಟನ್ನು. ಅದರ ಒಡಲಲ್ಲಿ ಹದಿನೇಳು ಸಾವಿರಕ್ಕೂ ಹೆಚ್ಚು ವಾಲ್ವುಗಳು ಉರಿಯುತ್ತಿದ್ದುವು. ಅದೇ ವರ್ಷ ಕಲಬುರಗಿ ಸೀಮೆಯ ಇಜೇರಿ ಎಂಬ ಊರಿನಲ್ಲಿ ಹುಟ್ಟಿದ ಒಬ್ಬ ಒಕ್ಕಲುಮಗನನ್ನು ಓದುಗರು ಕಲ್ಪಿಸಿಕೊಳ್ಳಬಹುದು. ಇಂದು ಅವನು ಎಂಬತ್ತರ ಅಂಚಿನಲ್ಲಿರುವ ಅಜ್ಜ. ಆ ಕಡೆಯ ಮಾತಿನಲ್ಲಿ ‘ಮುತ್ಯಾ’. ಆ ಮೂವತ್ತು ಟನ್ನಿನ ಯಂತ್ರವು ಹಗಲಿರುಳು ದುಡಿದು ಒಂದು ದಿನದಲ್ಲಿ ಮುಗಿಸುತ್ತಿದ್ದ ಕೂಡುಲೆಕ್ಕವನ್ನು ಮುತ್ಯಾನ ಮೊಮ್ಮಗನ ಕಿಸೆಯಲ್ಲಿರುವ ಮೊಬೈಲು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಸುತ್ತದೆ.

ಯಂತ್ರ ಕಿರಿದಾಯಿತು, ವೇಗ ಹಿರಿದಾಯಿತು ಎಂಬ ಈ ಕಥೆಯನ್ನು ಎಲ್ಲರೂ ಬಲ್ಲರು. ಯಂತ್ರದ ಆಕಾರ ಬದಲಾದಾಗಲೆಲ್ಲ ಅದರ ಮುಂದೆ ಕುಳಿತುಕೊಳ್ಳುವವನೂ ಬದಲಾದನೆಂಬ ಇನ್ನೊಂದು ಕಥೆಯಿದೆ. ಅದನ್ನು ಹೇಳುವವರು ಕಡಿಮೆ. ಇಜೇರಿಯಂಥ ಊರಿಗೆ ಮುಖ್ಯವಾದುದು ಈ ಎರಡನೆಯ ಕಥೆಯೇ.

ಇಜೇರಿಯಿರುವುದು ಜೇವರ್ಗಿಯ ಸೀಮೆಯಲ್ಲಿ. ಕಲಬುರಗಿಯಿಂದ ಆ ಕಡೆಗೆ ಹೊರಟವರು ಕಟ್ಟಿಸಂಗಾವಿಯ ಸೇತುವೆಯ ಮೇಲೆ ಭೀಮಾ ನದಿಯನ್ನು ದಾಟಬೇಕು. ಅಲ್ಲಿಂದಾಚೆಗೆ ಕಣ್ಣು ಹರಿಯುವಷ್ಟು ದೂರ ಎರೆಯ ಭೂಮಿ; ತೊಗರಿ, ಜೋಳ, ಹತ್ತಿಗಳ ನಾಡು. 1948ರ ಸೆಪ್ಟೆಂಬರಿನ ವರೆಗೆ ಇದು ನಿಜಾಮರ ಆಳ್ವಿಕೆಗೆ ಒಳಪಟ್ಟಿತ್ತು. ಕಚೇರಿಯ ಭಾಷೆ ಉರ್ದುವಾಗಿತ್ತು. ಹೊಲ ತನ್ನದೆನ್ನಲು ಒಕ್ಕಲುಮಗನಿಗಿದ್ದ ಆಧಾರ ಪಹಣಿಯೊಂದೇ. ಆ ಪಹಣಿಯಾದರೂ ಇರುತ್ತಿದ್ದುದು ಪಟವಾರಿಯ ದಫ್ತರದಲ್ಲಿ. ಬಟ್ಟೆಯಲ್ಲಿ ಸುತ್ತಿ ಗಂಟು ಬಿಗಿದ ಆ ದಫ್ತರವನ್ನು ಬಿಚ್ಚುವ ಅಧಿಕಾರ ಪಟವಾರಿಯದು. ಬಿಚ್ಚಿ ಓದುವ ವಿದ್ಯೆಯೂ ಅವನದೇ. ಓದಿ ಹೇಳಿದುದನ್ನು ನಂಬುವುದಷ್ಟೇ ಹೊಲದೊಡೆಯನ ಪಾಲಿಗೆ ಉಳಿದ ಕೆಲಸ. ಸಾಲ ತರಲು, ಅಣ್ಣತಮ್ಮಂದಿರ ಪಾಲು ಬಿಡಿಸಿಕೊಳ್ಳಲು, ಮಗಳ ಮದುವೆಗೆ ಎರಡೆಕರೆ ಮಾರಲು, ಎಲ್ಲಕ್ಕೂ ಆ ಹಾಳೆ ಬೇಕು. ವಂಶಪಾರಂಪರ್ಯವಾಗಿ ಬಂದ ಇಂಥ ಗ್ರಾಮಾಧಿಕಾರಗಳನ್ನು ರದ್ದುಮಾಡುವ ಕಾನೂನು 1961ರಲ್ಲಿ ಬಂತು. ಪಟವಾರಿಯ ಸ್ಥಾನದಲ್ಲಿ ಸಂಬಳದ ಗ್ರಾಮಲೆಕ್ಕಿಗ ಬಂದ. ಮನುಷ್ಯ ಬದಲಾದ; ದಫ್ತರ ಮಾತ್ರ ಬದಲಾಗಲಿಲ್ಲ.

ಆ ಕಾಲಕ್ಕೆ ಭಾರತದಲ್ಲಿ ಗಣಕಯಂತ್ರ ಇರಲಿಲ್ಲವೆಂದಲ್ಲ. 1955ರಲ್ಲೇ ಕಲಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಇಂಗ್ಲೆಂಡಿನಿಂದ ಒಂದು ಯಂತ್ರ ಬಂದಿತ್ತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ತಾವೇ ಕಟ್ಟಿದ ಯಂತ್ರ 1960ರ ಹೊತ್ತಿಗೆ ಕೆಲಸಕ್ಕೆ ನಿಂತಿತು. ಅದಕ್ಕೆ ‘ಟಿಫ್ರ್ಯಾಕ್’ ಎಂಬ ಹೆಸರಾಯಿತು. ಇವೆಲ್ಲ ದೇವಾಲಯದ ಗರ್ಭಗುಡಿಯಂಥ ಯಂತ್ರಗಳು. ತಂಪು ಕೋಣೆಯೊಳಗೆ ಅವುಗಳ ವಾಸ; ಹತ್ತಿರ ಹೋಗಲು ಅರ್ಚಕರಿಗೆ ಮಾತ್ರ ಅಪ್ಪಣೆ. ಪ್ರಶ್ನೆಯನ್ನು ಹೊರಗಿನಿಂದ ಒಪ್ಪಿಸಿ, ಉತ್ತರವೆಂಬ ತೀರ್ಥಕ್ಕಾಗಿ ಕಾಯುವುದು ಉಳಿದವರ ಪದ್ಧತಿ. ಹಾಗೆ ನೋಡಿದರೆ ಪಟವಾರಿಯ ದಫ್ತರಕ್ಕೂ ಈ ಯಂತ್ರಕ್ಕೂ ಸ್ವಭಾವದಲ್ಲಿ ಬಹಳ ಅಂತರವಿರಲಿಲ್ಲ.

ಈ ಗರ್ಭಗುಡಿಯ ಬಾಗಿಲು ತೆರೆದುದು 1971ರಲ್ಲಿ. ಲೆಕ್ಕಮಾಡುವ ಅಂಗಗಳನ್ನೆಲ್ಲ ಬೆರಳುಗುರಿನಷ್ಟು ಸಿಲಿಕಾನಿನ ಚೂರಿನ ಮೇಲೆ ಅಳವಡಿಸಬಹುದೆಂದು ಇಂಟೆಲ್ ಸಂಸ್ಥೆ ಆ ವರ್ಷ ತೋರಿಸಿಕೊಟ್ಟಿತು. ಮರುವರ್ಷವೇ ಅಲನ್ ಕೇ ಎಂಬ ವಿಜ್ಞಾನಿ, ಪುಸ್ತಕದಂತೆ ಕೈಯಲ್ಲಿ ಹಿಡಿಯಬಹುದಾದ, ಮಕ್ಕಳೂ ಬಳಸಬಹುದಾದ ಯಂತ್ರವೊಂದನ್ನು ಕಲ್ಪಿಸಿ ಬರೆದ. ಅವನ ‘ಡೈನಾಬುಕ್’ ಕಾಗದದ ಮೇಲೆಯೇ ಉಳಿಯಿತು. ನಿಜಲೋಕದಲ್ಲಿ ಬಂದುದು ಮೇಜಿನ ಮೇಲೆ ಕೂರುವ ಯಂತ್ರ. 1977ರಲ್ಲಿ ‘ಆ್ಯಪಲ್ 2’ ಬಂತು, 1981ರಲ್ಲಿ ಐ.ಬಿ.ಎಂ. ಕಂಪೆನಿಯ ಪಿ.ಸಿ. ಬಂತು. ಅದೇ 1981ರಲ್ಲಿ ‘ಆಸ್ಬರ್ನ್’ ಎಂಬ ಯಂತ್ರವನ್ನು ಹೊತ್ತು ತಿರುಗಬಹುದೆಂದು ಮಾರಾಟಕ್ಕಿಟ್ಟರು. ಅದರ ತೂಕ ಹನ್ನೊಂದು ಕಿಲೋ, ಪರದೆಯ ಕರ್ಣದ ಅಳತೆ ಐದು ಅಂಗುಲ. ಹೊತ್ತು ತಿರುಗುವುದಕ್ಕೆ ಹಮಾಲನೊಬ್ಬನನ್ನೂ ಜೊತೆಗೆ ಕೊಡಬೇಕಾಗಿತ್ತು.

ನಗರದ ಮಧ್ಯಮವರ್ಗದ ಮನೆಗಳಿಗೆ ಈ ಮೇಜಿನ ಯಂತ್ರ ಹೇಗೆ ಬಂತೆಂಬುದು ಓದುಗರಿಗೆ ತಿಳಿದೇ ಇದೆ. ಹಜಾರದ ಒಂದು ಮೂಲೆಯಲ್ಲಿ ಅದಕ್ಕೆಂದೇ ಮಾಡಿಸಿದ ಮೇಜು. ಧೂಳು ಕೂರದಂತೆ ಮನೆಯಾಕೆ ಹೊಲಿದ ಹೊದಿಕೆ. ಆಯುಧಪೂಜೆಯ ದಿನ ಅದಕ್ಕೊಂದು ಕುಂಕುಮದ ಬೊಟ್ಟು. ಮಕ್ಕಳ ಪರೀಕ್ಷೆ ಮುಗಿಯುವ ತನಕ ಹೊದಿಕೆಯನ್ನು ತೆಗೆಯಕೂಡದೆಂಬ ಕಟ್ಟಪ್ಪಣೆಯೂ ಅನೇಕ ಮನೆಗಳಲ್ಲಿತ್ತು. ಕೆಲವು ವರ್ಷಗಳಲ್ಲಿ ಆ ಮೇಜಿನ ಮೇಲಿನ ಯಂತ್ರ ಮಡಿಚುವ ಲ್ಯಾಪ್‌ಟಾಪ್ ಆಗಿ ಚೀಲಕ್ಕೆ ಇಳಿಯಿತು. ಇಜೇರಿಯಂಥ ಊರುಗಳ ಬಹುಪಾಲು ಮನೆಗಳು ಈ ಎರಡು ಅವಸ್ಥೆಗಳನ್ನೂ ಕಾಣಲೇ ಇಲ್ಲ. ಬಡತನ ಅದಕ್ಕೆ ಒಂದು ಕಾರಣ. ವಿದ್ಯುತ್ತಿನ ಕಣ್ಣಾಮುಚ್ಚಾಲೆ ಇನ್ನೊಂದು. ಮೂರನೆಯ ಕಾರಣ ಕೀಲಿಮಣೆ.

ಈ ಮೂರನೆಯದರ ಮಾತನ್ನು ಸ್ವಲ್ಪ ವಿಸ್ತರಿಸಬೇಕು. ಇಂಗ್ಲಿಷಿಗೆ ಇಪ್ಪತ್ತಾರು ಅಕ್ಷರಗಳು, ಇಪ್ಪತ್ತಾರು ಕೀಲಿಗಳು. ಕನ್ನಡದಲ್ಲಿ ವ್ಯಂಜನಕ್ಕೆ ಸ್ವರ ಸೇರಿ ಕಾಗುಣಿತವಾಗುತ್ತದೆ. ಅದರ ಕೆಳಗೆ ಒತ್ತು ಬರುತ್ತದೆ. ‘ಸ್ತ್ರೀ’ ಎಂಬ ಒಂದೇ ಅಕ್ಷರದಲ್ಲಿ ಮೂರು ವ್ಯಂಜನಗಳೂ ಒಂದು ದೀರ್ಘಸ್ವರವೂ ಅಡಕವಾಗಿವೆ. ಇಂಥ ಲಿಪಿಯನ್ನು ಇಂಗ್ಲಿಷಿನ ಕೀಲಿಗಳ ಮೇಲೆ ಹೇಗೆ ಕೂರಿಸುವುದು? ಮಂಗಳೂರಿನ ಕಡೆಯ ಕಿನ್ನಿಕಂಬಳದ ಕೆ. ಪಿ. ರಾವ್ ಅವರು ಇದಕ್ಕೊಂದು ಸರಳವಾದ ಉಪಾಯವನ್ನು ಕಂಡುಹಿಡಿದರು. ಅಕ್ಷರದ ಆಕಾರವನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿಯಬೇಕು. ವ್ಯಂಜನವನ್ನು ಒತ್ತಿ, ಬಳಿಕ ಸ್ವರವನ್ನು ಒತ್ತಬೇಕು. ಒತ್ತಕ್ಷರ ಬೇಕಾದರೆ ನಡುವೆ ಒಂದು ಕೊಂಡಿಯ ಕೀಲಿಯನ್ನು ಒತ್ತಬೇಕು. ಕನ್ನಡದ ವರ್ಣಮಾಲೆಯೆಲ್ಲ ಆ ಇಪ್ಪತ್ತಾರು ಕೀಲಿಗಳಲ್ಲಿ ಅಡಗಿತು. ಶೇಷಾದ್ರಿವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಕೆ. ಪಿ. ರಾವ್ ಅವರ ವಿನ್ಯಾಸವನ್ನೇ ಹಿಡಿದು ಸರ್ಕಾರಿ ಕಚೇರಿಗಳಿಗೆ ಬಂತು. ಕನ್ನಡದ ಕೆಲಸಕ್ಕೆ ಇದರಿಂದಾದ ಉಪಕಾರವನ್ನು ಎಷ್ಟು ನೆನೆದರೂ ಸಾಲದು. ಆದರೂ ಒಂದು ಮಾತು ಉಳಿಯುತ್ತದೆ. ಕೀಲಿಮಣೆ ಅಭ್ಯಾಸ ಬೇಡುವ ಸಾಧನ. ಹತ್ತು ಬೆರಳುಗಳಿಗೆ ಆರು ತಿಂಗಳ ತಾಲೀಮು ಕೇಳುತ್ತದೆ. ನೇಗಿಲು ಹಿಡಿದ ಕೈಗೆ ಆ ಬಿಡುವು ಎಲ್ಲಿಂದ ಬರಬೇಕು? ಆದ್ದರಿಂದ ಮೇಜಿನ ಯಂತ್ರ ಎಲ್ಲಿಗೆ ಹೋದರೂ ತನ್ನೊಂದಿಗೆ ಒಬ್ಬ ಗುಮಾಸ್ತನನ್ನು ಕರೆದುಕೊಂಡೇ ಹೋಯಿತು.

ಕರ್ನಾಟಕದ ಹಳ್ಳಿಗರು ಗಣಕಯಂತ್ರವನ್ನು ಮೊದಲು ಮುಖಾಮುಖಿ ಕಂಡುದು ಅಂಥ ಗುಮಾಸ್ತನ ಹಿಂದೆಯೇ. ‘ಭೂಮಿ’ ಎಂಬ ಯೋಜನೆಯಲ್ಲಿ ರಾಜ್ಯದ ಪಹಣಿಗಳನ್ನೆಲ್ಲ ಯಂತ್ರಕ್ಕೆ ಏರಿಸುವ ಕೆಲಸ 1990ರ ದಶಕದ ಕೊನೆಗೆ ಮೊದಲಾಗಿ, ಹೊಸ ಶತಮಾನದ ಮೊದಲೆರಡು ವರ್ಷಗಳಲ್ಲಿ ಅಂದಿನ 177 ತಾಲ್ಲೂಕುಗಳನ್ನೂ ವ್ಯಾಪಿಸಿತು. ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು ಎರಡು ಕೋಟಿ ಪಹಣಿಗಳು ದಫ್ತರ ಬಿಟ್ಟು ಯಂತ್ರದ ಒಡಲನ್ನು ಸೇರಿದವು. ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಮುದ್ರಿತ ಪ್ರತಿ ಕೈಗೆ ಬರುತ್ತಿತ್ತು. ಗ್ರಾಮಲೆಕ್ಕಿಗನ ಬಾಗಿಲಲ್ಲಿ ವಾರಗಟ್ಟಲೆ ನಿಂತು, ಹದಿನೈದರ ಜಾಗದಲ್ಲಿ ನೂರಾರು ರೂಪಾಯಿ ತೆತ್ತು ಬೇಸತ್ತವರಿಗೆ ಇದು ಸಣ್ಣ ಸಂಗತಿಯಾಗಿರಲಿಲ್ಲ.

ಆ ಕಿಟಕಿಯ ರಚನೆಯಲ್ಲಿ ಒಂದು ವಿಶೇಷವಿತ್ತು. ‘ಭೂಮಿ’ಯನ್ನು ಹೊಗಳಿದವರೂ ತೆಗಳಿದವರೂ ಅದನ್ನು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ. ಯಂತ್ರಕ್ಕೆ ಎರಡು ಪರದೆಗಳನ್ನು ಇಟ್ಟಿದ್ದರು. ಒಂದು ಒಳಗೆ ಕುಳಿತ ನೌಕರನ ಮುಂದೆ. ಇನ್ನೊಂದು ಹೊರಗೆ ನಿಂತ ರೈತನ ಕಡೆಗೆ ಮುಖಮಾಡಿ. ನೌಕರ ಕಾಣುವುದನ್ನೇ ರೈತನೂ ಕಾಣಬೇಕು ಎಂಬುದು ಉದ್ದೇಶ. ಗಣಕಯಂತ್ರದ ಆಕಾರದಲ್ಲಿ ಕರ್ನಾಟಕದ ಕಂದಾಯ ಇಲಾಖೆ ಮಾಡಿದ ಈ ಸಣ್ಣ ತಿದ್ದುಪಡಿ ನಿಜವಾಗಿಯೂ ದೊಡ್ಡದು. ಓದಲು ಬಲ್ಲವನಿಗೆ ಅದೊಂದು ಕನ್ನಡಿಯಾಯಿತು. ಓದಲು ಬಾರದವನಿಗೆ ಮಾತ್ರ ಅದು ಬೆಳಕಿನ ಚೌಕವಾಗಿಯೇ ಉಳಿಯಿತು. ಅವನು ಪಕ್ಕದಲ್ಲಿ ನಿಂತವನನ್ನು ಕೇಳಬೇಕಾಯಿತು. ಮೇಲಾಗಿ, ಗ್ರಾಮಲೆಕ್ಕಿಗ ಎಷ್ಟೇ ಸತಾಯಿಸಿದರೂ ಊರ ಆಸುಪಾಸಿನಲ್ಲೇ ಸಿಗುತ್ತಿದ್ದ. ಹೊಸ ಕಿಟಕಿ ತಾಲ್ಲೂಕಿನ ಊರಾದ ಜೇವರ್ಗಿಯಲ್ಲಿ. ಇಜೇರಿಯವರಿಗೆ ಹದಿನೈದು ರೂಪಾಯಿಯ ಹಾಳೆಗೆ ಬಸ್ಸಿನ ಚಾರ್ಜೂ ಒಂದು ದಿನದ ಕೂಲಿಯೂ ಸೇರುತ್ತಿತ್ತು.

ಯಂತ್ರವೇ ಹಳ್ಳಿಗೆ ಏಕೆ ಹೋಗಬಾರದೆಂಬ ಪ್ರಶ್ನೆಯನ್ನು ಬೆಂಗಳೂರಿನಲ್ಲಿ ಕೆಲವರು ಅದಾಗಲೇ ಎತ್ತಿಕೊಂಡಿದ್ದರು. 1998ರಲ್ಲಿ ಆ ನಗರದಲ್ಲಿ ನಡೆದ ಒಂದು ವಿಚಾರಸಂಕಿರಣದಿಂದ ಹೊರಟ ಚಿಂತನೆಯದು. ಭಾರತೀಯ ವಿಜ್ಞಾನ ಸಂಸ್ಥೆಯ ಅಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಎಂಬ ಸಂಸ್ಥೆಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರೂ ಕೂಡಿ 1999ರಲ್ಲಿ ಒಂದು ನ್ಯಾಸವನ್ನು ರಚಿಸಿದರು. ಅವರು ಕಟ್ಟಹೊರಟ ಯಂತ್ರದ ಹೆಸರು ‘ಸಿಂಪ್ಯೂಟರ್’. ಸರಳವಾದ, ಅಗ್ಗವಾದ, ಹಲವು ಭಾಷೆಗಳನ್ನು ಬಲ್ಲ ಜನಸಾಮಾನ್ಯರ ಕಂಪ್ಯೂಟರ್ ಎಂಬುದರ ಸಂಕ್ಷೇಪ ಅದು. 2001ರ ಏಪ್ರಿಲಿನಲ್ಲಿ ಅದರ ಮಾದರಿಯನ್ನು ಜನರ ಮುಂದಿಟ್ಟರು.

ಅಂಗೈಯಲ್ಲಿ ಹಿಡಿಸುವ ಪೆಟ್ಟಿಗೆ. ಕಡ್ಡಿಯಿಂದ ಮುಟ್ಟಿದರೆ ಕೆಲಸ ಮಾಡುವ ಪರದೆ. ಕೀಲಿಮಣೆಯ ಸುಳಿವೇ ಇಲ್ಲ. ಓದಲು ಬಾರದವರ ವಿಷಯದಲ್ಲಿ ಈ ವಿದ್ವಾಂಸರು ಮಾಡಿದ ಆಲೋಚನೆ ತೀರ ನೇರವಾದದ್ದು: ಓದಲು ಬಾರದಿದ್ದರೆ ಯಂತ್ರವೇ ಓದಿ ಹೇಳಲಿ. ಇದಕ್ಕಾಗಿ ರಮೇಶ್ ಹರಿಹರನ್ ಅವರು ‘ಧ್ವನಿ’ ಎಂಬ ತಂತ್ರಾಂಶವನ್ನು ರೂಪಿಸಿದರು. ಬರೆದುದನ್ನು ಅದು ಹಿಂದಿ, ಕನ್ನಡ ಮೊದಲಾದ ಭಾಷೆಗಳಲ್ಲಿ ಉಚ್ಚರಿಸುತ್ತಿತ್ತು. ಅದರ ಕಂಠ ಮಧುರವಾಗಿರಲಿಲ್ಲವೆಂದರೆ ತಪ್ಪಾಗದು. ನೆಗಡಿಯಾದ ಮೇಷ್ಟರು ಪಾಠ ಓದಿದಂತಿತ್ತು. ಅದು ಮುಖ್ಯವಲ್ಲ. ಪಟವಾರಿಯ ಕಾಲದಿಂದ ಒಕ್ಕಲುಮಗನಿಗೂ ಅವನ ಹಾಳೆಗೂ ನಡುವೆ ನಿಂತಿದ್ದ ಇನ್ನೊಬ್ಬ ಮನುಷ್ಯನ ಬಾಯಿಯನ್ನು ತೆಗೆದುಹಾಕುವ ಪ್ರಯತ್ನ ಕನ್ನಡ ನೆಲದಲ್ಲಿ, ಕನ್ನಡದ ದನಿಯಲ್ಲಿ ನಡೆಯಿತು ಎಂಬುದು ಮುಖ್ಯ.

ಅದರಲ್ಲಿದ್ದ ಇನ್ನೊಂದು ಯೋಚನೆ ಇನ್ನೂ ವಿಚಾರಮಾಡತಕ್ಕದ್ದು. ಒಂದು ಯಂತ್ರಕ್ಕೆ ಅಂದಾಜು ಮಾಡಿದ್ದ ಬೆಲೆ ಸುಮಾರು ಒಂಬತ್ತು ಸಾವಿರ ರೂಪಾಯಿ. ಹಳ್ಳಿಯ ಸಂಸಾರಕ್ಕೆ ಅದು ಎಟುಕದು. ಆದ್ದರಿಂದ ಯಂತ್ರ ಊರಿಗೆ ಒಂದೇ ಇರಲಿ, ಪಂಚಾಯತಿಯೋ ಶಾಲೆಯೋ ಅಂಗಡಿಯವನೋ ಅದನ್ನು ಇಟ್ಟುಕೊಳ್ಳಲಿ. ಪ್ರತಿಯೊಬ್ಬನಿಗೂ ತನ್ನದೇ ಒಂದು ‘ಸ್ಮಾರ್ಟ್ ಕಾರ್ಡ್’ ಇರಲಿ. ಕಾರ್ಡನ್ನು ತೂರಿಸಿದಾಗ ಯಂತ್ರ ಅಷ್ಟು ಹೊತ್ತು ಅವನದು. ಕಾರ್ಡನ್ನು ಹಿಂತೆಗೆದುಕೊಂಡರೆ ಅವನ ಲೆಕ್ಕಪತ್ರಗಳೆಲ್ಲ ಅವನ ಕಿಸೆಯಲ್ಲಿ. ಊರ ಬಾವಿಯಿಂದ ತನ್ನ ಕೊಡದಲ್ಲಿ ನೀರು ತಂದ ಹಾಗೆ. ಗಣಕಯಂತ್ರ ‘ವೈಯಕ್ತಿಕ’ವಾಗಬೇಕಾದರೆ ಪ್ರತಿಯೊಬ್ಬನೂ ಒಂದೊಂದನ್ನು ಕೊಂಡೇ ತೀರಬೇಕೆಂಬ ಪಶ್ಚಿಮದ ವಾದಕ್ಕೆ ಬೆಂಗಳೂರು ಕೊಟ್ಟ ಪ್ರತ್ಯುತ್ತರವಿದು. ಯಂತ್ರದ ನಕ್ಷೆಯನ್ನೂ ಅವರು ಗುಟ್ಟಾಗಿ ಇಡಲಿಲ್ಲ. 2001ರ ಕೊನೆಗೆ ಬ್ರೂಸ್ ಸ್ಟರ್ಲಿಂಗ್ ಎಂಬ ಲೇಖಕ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಬರೆಯುತ್ತ, ಅಮೆರಿಕದ ದೊಡ್ಡ ಕಂಪೆನಿಗಳ ಹೊಸ ಸರಕುಗಳನ್ನು ಬದಿಗಿಟ್ಟು, ಆ ವರ್ಷದ ಕಂಪ್ಯೂಟರುಗಳಲ್ಲಿ ಅತ್ಯಂತ ಮಹತ್ವದ ಹೊಸತನವೆಂಬ ಪಟ್ಟವನ್ನು ಸಿಂಪ್ಯೂಟರಿಗೆ ಕಟ್ಟಿದ.

ಪಟ್ಟ ಕಟ್ಟಿದುದಾಯಿತು, ಪಲ್ಲಕ್ಕಿ ಮಾತ್ರ ಹೊರಡಲಿಲ್ಲ. ಮಾದರಿಗೂ ಮಾರಾಟಕ್ಕೂ ನಡುವೆ ಮೂರು ವರ್ಷಗಳು ಕಳೆದವು. ಹಣ ಹೂಡುವವರು ಮುಂದೆ ಬರಲಿಲ್ಲ. ಸರ್ಕಾರಗಳು ಶ್ಲಾಘಿಸಿದಷ್ಟು ಕೊಳ್ಳಲಿಲ್ಲ. ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯ ಕೈಯಲ್ಲಿ ತಯಾರಾಗಿ ‘ಅಮಿಡಾ’ ಎಂಬ ಹೆಸರಿನಿಂದ ಅದು 2004ರ ಏಪ್ರಿಲಿನಲ್ಲಿ ಅಂಗಡಿಗೆ ಬಂದಾಗ, ಬೆಲೆ ಹತ್ತು ಸಾವಿರ ರೂಪಾಯಿಯ ಆಸುಪಾಸಿನಿಂದ ಮೊದಲಾಯಿತು. ಯಂತ್ರವನ್ನು ಕೈಯಲ್ಲಿ ಓರೆ ಮಾಡಿದರೆ ಅದನ್ನು ತಿಳಿಯುವ ಸಂವೇದಕವೂ ಅದರಲ್ಲಿತ್ತು. ಅಮೆರಿಕದ ಐಫೋನಿನಲ್ಲಿ ಇದೇ ಬಗೆಯ ಚಮತ್ಕಾರವನ್ನು ಕಂಡು ಲೋಕ ಬೆರಗಾದುದು ಮೂರು ವರ್ಷಗಳ ತರುವಾಯ. ಮೈಸೂರಿನ ಕಡೆ ‘ಸಂಘಮಿತ್ರ’ ಸಂಸ್ಥೆಯ ಕಿರುಸಾಲದ ಲೆಕ್ಕಕ್ಕೆ, ಗೋವೆಯಲ್ಲಿ ಕಬ್ಬಿಣದ ಅದಿರಿನ ಸಾಗಣೆಯ ಲೆಕ್ಕಕ್ಕೆ, ಸಂಚಾರಿ ಪೊಲೀಸರ ದಂಡದ ಚೀಟಿಗೆ ಸಿಂಪ್ಯೂಟರ್ ಉಪಯೋಗಕ್ಕೆ ಬಂತು. ಹಳ್ಳಿಯ ಕಟ್ಟೆಯ ಮೇಲೆ ಮಾತ್ರ ಅದು ಕೂರಲೇ ಇಲ್ಲ. ಅದರಲ್ಲಿ ಇಲ್ಲದಿದ್ದ ಒಂದು ಗುಣವನ್ನು ಹಳ್ಳಿ ಎಲ್ಲಕ್ಕಿಂತ ಮೊದಲು ಕೇಳಿತು. ಪುಣೆಗೋ ಮುಂಬಯಿಗೋ ದುಡಿಯಲು ಹೋದ ಮಗನೊಡನೆ ಮಾತನಾಡಲು ಅದರಿಂದ ಆಗುತ್ತಿರಲಿಲ್ಲ.

ಆ ಮಾತನ್ನು ಆಡಿಸಿದುದು ಬೇರೊಂದು ಪೆಟ್ಟಿಗೆ. 2003ರಲ್ಲಿ ಭಾರತದ ದೂರವಾಣಿಯ ದರಗಳು ನೆಲಕ್ಕಿಳಿದವು. ಬರುವ ಕರೆಗೆ ಹಣ ಕೊಡುವ ಪದ್ಧತಿ ಹೋಯಿತು. ಐನೂರ ಒಂದು ರೂಪಾಯಿ ಕಟ್ಟಿ ಮೊಬೈಲು ಪಡೆಯುವ ಯೋಜನೆಯನ್ನು ರಿಲಯನ್ಸ್ ಕಂಪೆನಿ ಸಾರಿತು. ಅದೇ ವರ್ಷ ನೋಕಿಯಾ ಕಂಪೆನಿ ತನ್ನ 1100 ಎಂಬ ಮಾದರಿಯನ್ನು ಹೊರತಂದಿತು. ಧೂಳು ಒಳಹೋಗದಂತೆ ಮುಚ್ಚಿದ ಗುಂಡಿಗಳು. ಹಿಡಿತ ಜಾರದಂತೆ ಒರಟಾದ ಅಂಚು. ತಲೆಯ ಮೇಲೊಂದು ಪುಟ್ಟ ಟಾರ್ಚು. ರಾತ್ರಿ ಪಾಳಿಯಲ್ಲಿ ಕರೆಂಟು ಬಂದಾಗ ಹೊಲಕ್ಕೆ ನೀರು ಹಾಯಿಸಲು ಹೋಗುವವನಿಗೆ ಹಾವುಹುಳು ಕಾಣಿಸುವ ದೀಪ. ಲೋಕದಲ್ಲಿ ಅದು 25 ಕೋಟಿಗೂ ಮೀರಿ ಮಾರಾಟವಾಯಿತು. ಗಣಕಯಂತ್ರದ ಪಂಡಿತರು ಅದನ್ನು ಗಣಕವೆಂದು ಎಣಿಸಲಿಕ್ಕಿಲ್ಲ. ಕರೆ, ಲೆಕ್ಕ, ಗಡಿಯಾರ, ಅಲಾರಂ ಇಷ್ಟೆಲ್ಲ ಬಲ್ಲ ಸಾಧನವೊಂದನ್ನು ಹಗಲಿರುಳು ಮೈಮೇಲೆ ಧರಿಸುವ ಅಭ್ಯಾಸವನ್ನು ಹಳ್ಳಿಗೆ ಕಲಿಸಿದ್ದು ಅದೇ ಎಂಬುದನ್ನು ಅವರೂ ಒಪ್ಪಬೇಕು.

ಸಿಂಪ್ಯೂಟರಿನ ಕನಸು ಮತ್ತು ನೋಕಿಯಾದ ಟಾರ್ಚು ಒಂದೇ ಪೆಟ್ಟಿಗೆಯೊಳಗೆ ಕೂಡಿಕೊಳ್ಳಲು ಇನ್ನೂ ಹತ್ತು ವರ್ಷ ಹಿಡಿಯಿತು. ಐಫೋನು 2007ರಲ್ಲಿ, ಆಂಡ್ರಾಯ್ಡ್ ಮೊಬೈಲು 2008ರಲ್ಲಿ ಬಂದವು. ಕನ್ನಡಕ್ಕೆ ಮಾತ್ರ ಬಾಗಿಲು ತಡವಾಗಿ ತೆರೆಯಿತು. 2012ರಲ್ಲಿ ಆಂಡ್ರಾಯ್ಡಿನ 4.1ನೆಯ ಆವೃತ್ತಿ ಬರುವ ತನಕ ಅನೇಕ ಮೊಬೈಲುಗಳ ಪರದೆಯ ಮೇಲೆ ಕನ್ನಡದ ಅಕ್ಷರಗಳಿರಬೇಕಾದಲ್ಲಿ ಬರಿಯ ಚೌಕಗಳ ಸಾಲು ಕಾಣುತ್ತಿತ್ತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಕಂಪೆನಿಯ ಸೇವೆ ಬಂದು ಅಂತರ್ಜಾಲದ ದರ ಕುಸಿಯಿತು. 2017ರಲ್ಲಿ ಕನ್ನಡವನ್ನು ಬಾಯಲ್ಲಿ ಹೇಳಿದರೆ ಮೊಬೈಲು ಬರೆದುಕೊಳ್ಳುವ ಸೌಕರ್ಯವನ್ನು ಗೂಗಲ್ ಒದಗಿಸಿತು. ಹೀಗೆ ಕೀಲಿಮಣೆಯ ತಾಲೀಮೂ ಇಲ್ಲದೆ, ಮೇಜೂ ಹೊದಿಕೆಯೂ ಇಲ್ಲದೆ, ಗಣಕಯಂತ್ರ ಇಜೇರಿಯ ಕಿಸೆಯನ್ನು ಸೇರಿತು. ನಗರದವರು ಒಂದೊಂದೇ ಮೆಟ್ಟಿಲು ಹತ್ತಿದ ಕಡೆ ಹಳ್ಳಿಯವರು ಒಂದೇ ನೆಗೆತಕ್ಕೆ ಅಟ್ಟವನ್ನು ಏರಿದರು.

ಅಟ್ಟದ ಮೇಲಿಂದ ಏನು ಕಾಣುತ್ತದೆ? ಮುತ್ಯಾ ಇಂದು ತನ್ನ ಪಹಣಿಯನ್ನು ನೋಡಲು ಜೇವರ್ಗಿಯ ಬಸ್ಸು ಹತ್ತಬೇಕಾಗಿಲ್ಲ. ಮೊಮ್ಮಗ ಸರ್ವೆ ನಂಬರನ್ನು ಒತ್ತಿದರೆ ಹಾಳೆ ಪರದೆಯ ಮೇಲೆ ಬರುತ್ತದೆ.

‘ಮುತ್ಯಾ, ಇಲ್ಲಿ ನಿನ್ನ ಹೆಸ್ರು ಅದ ನೋಡು.’

ಹೆಸರಿರುವುದು ಒಂಬತ್ತನೆಯ ಕಾಲಮಿನಲ್ಲಿ. ಪಹಣಿಯಾದರೋ ಅಗಲವಾದ ಹಾಳೆ; ಮೇಜಿನ ಮೇಲೆ ಹರಡಿ ಒಂದೇ ನೋಟಕ್ಕೆ ಓದಲೆಂದು ಗೆರೆ ಹಾಕಿದ್ದು. ಬೊಗಸೆಯಗಲದ ಪರದೆಯಲ್ಲಿ ಅದು ಹಿಡಿಸದು. ಒಂಬತ್ತನೆಯ ಕಾಲಮು ಕಾಣುವಷ್ಟು ಅಕ್ಷರವನ್ನು ದೊಡ್ಡದು ಮಾಡಿದರೆ, ಸಾಲ ಮತ್ತು ಇತರ ಹಕ್ಕುಗಳನ್ನು ಬರೆಯುವ ಹನ್ನೊಂದನೆಯ ಕಾಲಮು ಅಂಚಿನಾಚೆ ಮರೆಯಾಗುತ್ತದೆ. ಬೆರಳಿನಿಂದ ಹಾಳೆಯನ್ನು ಎಳೆದು ಅಲ್ಲಿಯವರೆಗೆ ಹೋಗುವ ತಾಳ್ಮೆ ಮೊಮ್ಮಗನಿಗೆ ಇರಬೇಕು. ಹೋಗೆಂದು ಹೇಳುವ ತಿಳಿವಳಿಕೆ ಮುತ್ಯಾನಿಗೆ ಇರಬೇಕು. ಹೊಲ ತನ್ನ ಹೆಸರಿನಲ್ಲಿದೆಯೆಂದು ಸಂತೋಷಪಟ್ಟು, ಅದರ ಮೇಲೆ ಬ್ಯಾಂಕಿನ ಹೊರೆ ಇನ್ನೂ ಇಳಿದಿಲ್ಲವೆಂಬುದನ್ನು ಕಾಣದೆ ಮೊಬೈಲನ್ನು ಕಿಸೆಗೆ ಇಳಿಸುವುದು ಈ ಕಿರಿಯ ಪರದೆಯಲ್ಲಿ ಬಲು ಸುಲಭ. ಹಳೆಯ ಎರಡು ಪರದೆಯ ಕಿಟಕಿಯಲ್ಲಿ ಹಾಳೆಯಷ್ಟಾದರೂ ಇಡಿಯಾಗಿ ಕಾಣುತ್ತಿತ್ತು. ಇನ್ನು ಮುದ್ರಿತ ಪ್ರತಿ ಬೇಕಾದರೆ ಝೆರಾಕ್ಸ್ ಅಂಗಡಿಗೆ ಹೋಗಬೇಕು. ಅಲ್ಲಿ ಮೇಜಿನ ಯಂತ್ರವೂ ಅದರ ಗುಮಾಸ್ತನೂ ಇವತ್ತಿಗೂ ಇದ್ದಾರೆ.

ಪಹಣಿಯನ್ನು ನೋಡುವುದೊಂದು, ಅದರಲ್ಲಿ ಬರೆಯುವುದು ಇನ್ನೊಂದು. 2020ರ ಮುಂಗಾರಿನಲ್ಲಿ ಕರ್ನಾಟಕ ಸರ್ಕಾರ ಬೆಳೆಯ ಸಮೀಕ್ಷೆಯನ್ನು ರೈತನ ಕೈಗೇ ಒಪ್ಪಿಸುವ ಒಂದು ಆ್ಯಪನ್ನು ಹೊರತಂದಿತು. ತನ್ನ ಹೊಲದಲ್ಲಿ ನಿಂತು, ಸರ್ವೆ ನಂಬರನ್ನು ಆರಿಸಿ, ಏನು ಬಿತ್ತಿದೆ, ಎಷ್ಟು ಬಿತ್ತಿದೆ ಎಂಬುದನ್ನು ತುಂಬಿ, ಬೆಳೆಯ ಛಾಯಾಚಿತ್ರವನ್ನು ತೆಗೆದು ಕಳಿಸಬೇಕು. ನಿಂತ ಜಾಗ ಹೊಲದೊಳಗೇ ಇದೆಯೇ ಎಂಬುದನ್ನು ಉಪಗ್ರಹಗಳ ನೆರವಿನಿಂದ ಮೊಬೈಲೇ ತಾಳೆ ನೋಡುತ್ತದೆ. ಹಿಂದೆ ಪಟವಾರಿ ಊರ ಚಾವಡಿಯಲ್ಲಿ ಕುಳಿತು ‘ಕಳೆದ ವರ್ಷದಂತೆ’ ಎಂದು ಬರೆದು ಮುಗಿಸಬಹುದಾಗಿದ್ದ ಬೆಳೆಯ ಕಾಲಮಿನ ಮೇಲೆ ಈಗ ಬೆಳೆ ವಿಮೆಯೂ, ಬರದ ಪರಿಹಾರವೂ, ಬೆಂಬಲ ಬೆಲೆಗೆ ತೊಗರಿಯನ್ನು ಕೊಳ್ಳುವುದೂ ನಿಂತಿವೆ. ಕಲಬುರಗಿಯ ತೊಗರಿಗೆ 2019ರಲ್ಲಿ ಭೌಗೋಳಿಕ ಮಾನ್ಯತೆ ಬಂತು, ನಿಜ. ಹೊಲದಲ್ಲಿ ತೊಗರಿ ನಿಂತಿದ್ದು ಪಹಣಿಯಲ್ಲಿ ಹೆಸರುಕಾಳು ನಮೂದಾಗಿದ್ದರೆ ಆ ಮಾನ್ಯತೆಯಿಂದ ಮುತ್ಯಾನಿಗೆ ಬರುವುದೇನೂ ಇಲ್ಲ. ಆದಕಾರಣ ಈ ಆ್ಯಪಿನಲ್ಲಿ ಗಣಕಯಂತ್ರವು ಮೊಟ್ಟಮೊದಲ ಬಾರಿಗೆ ಒಕ್ಕಲುಮಗನ ಕೈಯಲ್ಲಿ ಲೇಖನಿಯಾಯಿತೆಂದರೆ ಉತ್ಪ್ರೇಕ್ಷೆಯಲ್ಲ.

ಲೇಖನಿಗೆ ಒಂದು ಬೀಗವಿದೆ. ತುಂಬುವವನು ರೈತನೇ ಹೌದೆಂದು ನಂಬಲು ಆ್ಯಪು ಒಂದು ಮೊಬೈಲ್ ಸಂಖ್ಯೆಗೆ ಕೆಲವು ಗುಪ್ತ ಅಂಕಿಗಳನ್ನು ಕಳಿಸುತ್ತದೆ. ಮೇಜಿನ ಯಂತ್ರ ಮನೆಯದಾಗಿತ್ತು, ಸಿಂಪ್ಯೂಟರ್ ಊರಿನದಾಗಬೇಕಾಗಿತ್ತು. ಮೊಬೈಲಾದರೋ ಒಬ್ಬನ ಮೈಗೆ ಅಂಟಿದ ವಸ್ತು, ಅವನು ಹೋದಲ್ಲಿಗೆ ಹೋಗುತ್ತದೆ. ಮಳೆ ಕೈಕೊಟ್ಟ ವರ್ಷ ದುಡಿಯುವ ಕೈಗಳು ಕಲಬುರಗಿಯ ಹಳ್ಳಿಗಳಿಂದ ಪುಣೆ, ಮುಂಬಯಿ, ಹೈದರಾಬಾದಿಗೆ ಹೊರಡುತ್ತವೆ. ಮನೆಯ ಕಾಗದಪತ್ರಗಳಲ್ಲೆಲ್ಲ ನಮೂದಾದ ಸಂಖ್ಯೆ ಅನೇಕ ವೇಳೆ ದುಡಿಯುವ ಮಗನದೇ; ಮುತ್ಯಾನಿಗೆ ಬೇರೆ ಸಂಖ್ಯೆ ಏಕೆಂದು ಅದನ್ನು ಬರೆಸಿದ್ದಾಗ ಯಾರೂ ಯೋಚಿಸಿರುವುದಿಲ್ಲ. ಇಜೇರಿಯ ಬದುವಿನ ಮೇಲೆ ತೊಗರಿಯ ನಡುವೆ ಮುತ್ಯಾನೂ ಮೊಮ್ಮಗನೂ ನಿಂತಿರುತ್ತಾರೆ. ಅಂಕಿಗಳು ಪುಣೆಯಲ್ಲಿ ಕಟ್ಟಡದ ಮೇಲಂತಸ್ತಿನಲ್ಲಿ ಗಾರೆ ಕಲಸುತ್ತಿರುವ ಮಗನ ಕಿಸೆಗೆ ಹೋಗಿ ಬೀಳುತ್ತವೆ. ಅವನು ಕೈತೊಳೆದುಕೊಂಡು, ಕರೆಯನ್ನೆತ್ತಿ, ಅವನ್ನು ಒಂದೊಂದಾಗಿ ಓದಿ ಹೇಳಬೇಕು. ಆ ಅಂಕಿಗಳ ಆಯುಷ್ಯ ಕೆಲವೇ ನಿಮಿಷ. ಆ ದಿನ ಆಗದಿದ್ದರೆ ಮರುದಿನ; ಅದೂ ತಪ್ಪಿ ಸಮೀಕ್ಷೆಯ ಅವಧಿ ಕಳೆದರೆ, ಈ ಕೆಲಸಕ್ಕೆಂದು ಸರ್ಕಾರ ಗೊತ್ತುಮಾಡಿದ ‘ಖಾಸಗಿ ನಿವಾಸಿ’ ತನ್ನ ಮೊಬೈಲನ್ನು ಹಿಡಿದು ಹೊಲಕ್ಕೆ ಬರುತ್ತಾನೆ. ಬೆಳೆಯ ಕಾಲಮಿನಲ್ಲಿ ತೊಗರಿಯೆಂದು ಒತ್ತಬೇಕೋ ಹೆಸರುಕಾಳೆಂದು ಒತ್ತಬೇಕೋ ಎಂಬುದು ಆಗ ಅವನ ಬೆರಳಿಗೆ ಬಿಟ್ಟದ್ದು.